ವೀಬೆಯ ಮೋಟಾರ್‌ಸೈಕಲ್ ಮತ್ತು ನಾನು ಹೊಡೆದುಹಾಕಿದ ಒಂದು ವಾಕ್ಯ

1.

ಈ ಕಥೆಯನ್ನು ಎಂಜಿನ್‌ನಿಂದ ಶುರು ಮಾಡಲೋ ಮನುಷ್ಯರಿಂದಲೋ ಅನ್ನುವುದು ಮೂರು ವಾರದಿಂದ ಇತ್ಯರ್ಥವಾಗಿಲ್ಲ. ಎಂಜಿನ್‌ನಿಂದ ಶುರು ಮಾಡಿದರೆ ನಿಮ್ಮಲ್ಲಿ ಅರ್ಧ ಜನ ಎದ್ದು ಹೋಗುತ್ತೀರಿ. ಮನುಷ್ಯರಿಂದ ಶುರು ಮಾಡಿದರೆ ಆ ಮನುಷ್ಯರೇ ಎದ್ದು ಹೋಗುತ್ತಾರೆ. ವೀಬೆಗೆ ತಮ್ಮ ಬಗ್ಗೆ ಮಾತು ಬಂದರೆ ಆಗುವುದಿಲ್ಲ.

(ನನ್ನ ಅರ್ಹತೆ ಹೇಳಿಬಿಡುತ್ತೇನೆ. ನಮ್ಮೂರು ಹಾರ್ಲಿಂಗನ್‌ನ ಸಂಜೆ ತರಗತಿಗಳಲ್ಲಿ ಮಂಗಳವಾರ ಮೋಟಾರ್‌ಸೈಕಲ್ ರಿಪೇರಿ ಕಲಿತೆ, ಗುರುವಾರ ಕಥೆ ಬರೆಯುವುದನ್ನು. ಎರಡಕ್ಕೂ ಪ್ರಮಾಣಪತ್ರ ಇದೆ. ಎರಡರಲ್ಲೂ ಬಿಚ್ಚುವುದು ಚೆನ್ನಾಗಿ ಬರುತ್ತದೆ. ಮತ್ತೆ ಜೋಡಿಸುವಾಗ ಒಂದೆರಡು ತುಂಡು ಕೈಯಲ್ಲೇ ಉಳಿಯುತ್ತವೆ.)

2.

ವೀಬೆ ನನ್ನ ಪಕ್ಕದ ಮನೆಯವರು. ಎಪ್ಪತ್ತನಾಲ್ಕು ವರ್ಷ. ಸಮುದ್ರಕ್ಕೆ ಅಡ್ಡ ಹಾಕಿದ ದೊಡ್ಡ ಕಟ್ಟೆಯ ತೂಬುಗಳನ್ನು ಮೂವತ್ತೊಂದು ವರ್ಷ ತೆರೆದು, ಮುಚ್ಚಿ, ನಿವೃತ್ತರಾದವರು. ಪ್ರತಿ ಬುಧವಾರ ಹಳೆಯ ಹಸಿರು ಮೋಟಾರ್‌ಸೈಕಲ್ ಹತ್ತಿ, ಅದೇ ಕಟ್ಟೆಯ ಮೇಲೆ ಮೂವತ್ತೆರಡು ಕಿಲೋಮೀಟರ್ ನೆಟ್ಟಗೆ ಹೋಗಿ, ಆಚೆ ದಡದ ನಾವಿಕರ ಹಾಡಿನ ತಂಡದಲ್ಲಿ ಮಂದ್ರದಲ್ಲಿ ಹಾಡಿ ಬರುತ್ತಾರೆ. ಹೆಂಡತಿ ತೀರಿಕೊಂಡ ವಾರವೂ ತಪ್ಪಿಸಲಿಲ್ಲ.

ಈ ವಸಂತದಿಂದ ಗಾಡಿ ಕಟ್ಟೆಯ ನಡುವೆ ಸೊರಗತೊಡಗಿತು. ಎಕ್ಸಲರೇಟರ್ ಎಷ್ಟು ತಿರುಗಿಸಿದರೂ ವೇಗ ತೊಂಬತ್ತರಿಂದ ನಲವತ್ತಕ್ಕೆ ಇಳಿಯುತ್ತದೆ. ಪಕ್ಕಕ್ಕೆ ನಿಲ್ಲಿಸಿ ನೋಡಿದರೆ ಏನೂ ಇಲ್ಲ. ಮತ್ತೆ ಹತ್ತಿದರೆ ಏನೂ ಆಗಿಲ್ಲವೆಂಬಂತೆ ಓಡುತ್ತದೆ.

ಮಗಳು ರೆನ್ಸ್ಕೆಗೆ ಬೇರೆಯದೇ ಅನುಮಾನ. ಹತ್ತು ಗಂಟೆಯ ಕಾಫಿಗೆ ನನ್ನೆದುರೇ ಹೇಳಿದಳು:

"ಗಾಡಿ ನಿಧಾನ ಆಗ್ತಿಲ್ಲ ಅಪ್ಪ, ನೀನು ಆಗ್ತಿದೀಯ. ಕೂತಲ್ಲೇ ಎಲ್ಲಿಗೋ ಹೋಗ್ಬಿಡ್ತೀಯ. ಮೊನ್ನೆ ಊಟದ ಮಧ್ಯೆ ಫೋರ್ಕ್ ಬಾಯಿ ಹತ್ರ ಹಿಡ್ಕೊಂಡು ಹಾಗೇ ಕೂತಿದ್ದೆ."

"ನಿನ್ನ ಅಡುಗೆ ಹಾಗಿತ್ತು."

"ತಮಾಷೆ ಸಾಕು. ಮೂರು ವಾರ ಕೊಡ್ತೀನಿ. ಮೂರನೇ ಶನಿವಾರದೊಳಗೆ ಗಾಡೀಲಿ ದೋಷ ಸಿಕ್ರೆ ಸರಿ. ಸಿಗ್ಲಿಲ್ಲ ಅಂದ್ರೆ ಕೀ ನನ್ನ ಹತ್ರ ಇರುತ್ತೆ."

ತಲೆಗೊಂದು ಬಿಸ್ಕತ್ತು ಕೊಟ್ಟು ಡಬ್ಬಿಯ ಮುಚ್ಚಳ ಒತ್ತಿ ಹಾಕಿದಳು. ನಮ್ಮ ಕಡೆ ಎರಡನೆಯದನ್ನು ಕೇಳುವ ಪದ್ಧತಿಯಿಲ್ಲ.

2, ಮತ್ತೊಮ್ಮೆ.

(ಮೂರನೆಯದಕ್ಕೆ ಹೋಗಲು ಧೈರ್ಯ ಸಾಲದು.) ದೋಷ ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ಮೊದಲ ಡ್ರಾಫ್ಟಿನಲ್ಲಿ ಸ್ಪಾರ್ಕ್ ಪ್ಲಗ್ ಬದಲಾಯಿಸಿದೆ. ಎರಡನೆಯದರಲ್ಲಿ ಬಿಸಿಯಾದ ಮೇಲೆ ಕಿಡಿಗೆ ಕರೆಂಟು ಕೊಡುವ ಕಾಯಿಲ್ ಕೈಕೊಡುತ್ತಿದೆ ಎಂದು ಎರಡೂವರೆ ಪುಟ ಬರೆದೆ. ಅದರಲ್ಲಿ ವೃದ್ಧಾಪ್ಯದ ಮೇಲೊಂದು ಚಿಂತನೆಯೂ ಇತ್ತು. ಮೂರನೆಯದರಲ್ಲಿ ಕಾರ್ಬ್ಯುರೇಟರ್ ಬಿಚ್ಚಿ ತೊಳೆದೆ. ಪ್ರತಿ ಸಲವೂ ಊರು ಸುತ್ತಿ ಹತ್ತು ನಿಮಿಷ ಓಡಿಸಿ ನೋಡಿದೆ, ಗಾಡಿ ಚಿನ್ನದಂತೆ ಓಡಿತು. ಪ್ರತಿ ಸಲವೂ ಬುಧವಾರ ಕಟ್ಟೆಯ ಮೇಲೆ ಸೊರಗಿತು.

"ಮೂರು ಸಲ ಬಿಚ್ಚಿದೀಯ ಮಾರಾಯ, ಸ್ಕ್ರೂ ತಲೆ ಸವೆದುಹೋಗಿದೆ," ಅಂದರು ವೀಬೆ. "ಕಥೇಲಿ ಬಿಚ್ಚೋದಾದ್ರೆ ಕಥೇಲೇ ಬಿಚ್ಚು. ನನ್ನ ಗಾಡಿ ಯಾಕೆ?"

"ವಾಸ್ತವಿಕವಾಗಿ ಇರ್ಬೇಕಲ್ಲ."

"ಹಾಗಾದ್ರೆ ಆ ವೃದ್ಧಾಪ್ಯದ ಚಿಂತನೆ ತೆಗಿ. ಅದು ನಿಂದು, ನಂದಲ್ಲ."

ತೆಗೆದೆ.

3.

ಗುರುವಾರ ಕಥೆ ತರಗತಿಯ ಟೀಚರ್ ಬೌಕೆ ನನ್ನ ಮೂರನೇ ಡ್ರಾಫ್ಟ್ ಓದಿ ಒಂದು ವಾಕ್ಯದ ಕೆಳಗೆ ಕೆಂಪು ಗೆರೆ ಎಳೆದರು. ವಾಕ್ಯ ಇದು: "ವೀಬೆ ರಸ್ತೆ ಪಕ್ಕ ನಿಲ್ಲಿಸಿ ಪೆಟ್ರೋಲ್ ಮುಚ್ಚಳ ತೆರೆದಾಗ, ಟ್ಯಾಂಕ್ ದೀರ್ಘವಾಗಿ ಉಸಿರೆಳೆದುಕೊಂಡಿತು."

"ಟ್ಯಾಂಕುಗಳು ಉಸಿರಾಡೋದಿಲ್ಲ," ಅಂದರು. "ಅಲಂಕಾರ ಕಡಿಮೆ ಮಾಡಿ."

ನಾನು ವಿಧೇಯ ವಿದ್ಯಾರ್ಥಿ. ಅಲ್ಲೇ ಹೊಡೆದುಹಾಕಿದೆ. ಹೊಡೆದಿದ್ದು ಕಾಣಬಾರದೆಂದು ಎರಡು ಗೆರೆ ಎಳೆದೆ.

5.

(ನಾಲ್ಕನೆಯದು ಹರಿದ ಹಾಳೆ. ಅದರಲ್ಲಿ ನಾನು ಬಹಳ ಬುದ್ಧಿವಂತನಾಗಿದ್ದೆ.)

ಶುಕ್ರವಾರ ಬೆಳಿಗ್ಗೆ ಹಲ್ಲುಜ್ಜುವಾಗ ಹೊಳೆಯಿತು: ಅದು ಅಲಂಕಾರವಲ್ಲ. ಕಿವಿಯಾರೆ ಕೇಳಿದ್ದನ್ನೇ ಬರೆದಿದ್ದೆ. ಒಂದು ಬುಧವಾರ ರಿಪೇರಿ ಸಾಮಾನು ಹೊತ್ತು ಅವರ ಹಿಂದಿನ ಸೀಟಿನಲ್ಲಿ ಹೋಗಿದ್ದೆ. ಮುಚ್ಚಳ ತೆರೆದಾಗ ನಿಜಕ್ಕೂ "ಸ್ಸ್" ಎಂದು ಗಾಳಿ ಒಳಗೆ ನುಗ್ಗಿತ್ತು. ಇಡೀ ಕಥೆಯಲ್ಲಿ ನಿಜವಾಗಿದ್ದ ಏಕೈಕ ವಾಕ್ಯವನ್ನು ನಾನು ಹೊಡೆದುಹಾಕಿದ್ದೆ.

ಬಾಯಲ್ಲಿ ನೊರೆ ಇಟ್ಟುಕೊಂಡೇ ಪಕ್ಕದ ಮನೆಗೆ ಓಡಿದೆ.

ವಿಷಯ ಸರಳ. ಪೆಟ್ರೋಲ್ ಕೆಳಗಿಳಿದಂತೆ ಮೇಲಿಂದ ಅಷ್ಟೇ ಗಾಳಿ ಬರಬೇಕು. ಅದಕ್ಕೆಂದು ಮುಚ್ಚಳದಲ್ಲಿ ಸೂಜಿಮೊನೆಯಷ್ಟು ತೂತಿರುತ್ತದೆ. ಅದು ಕಟ್ಟಿಕೊಂಡರೆ ಇಪ್ಪತ್ತು ಕಿಲೋಮೀಟರ್ ಆಗುವಷ್ಟರಲ್ಲಿ ಪೆಟ್ರೋಲ್ ಇಳಿಯಲು ಮೊಂಡು ಮಾಡುತ್ತದೆ. ಕಟ್ಟಿದ್ದು ಯಾರು? ವೀಬೆಯೇ. ಪ್ರತಿ ಶನಿವಾರ ಮೇಣದ ಪಾಲಿಶ್ ಹಚ್ಚಿ ಟ್ಯಾಂಕನ್ನೂ ಮುಚ್ಚಳವನ್ನೂ ಮುಖ ಕಾಣುವ ಹಾಗೆ ತಿಕ್ಕುತ್ತಾರೆ. ಆ ಮೇಣವೇ ತೂತಿಗೆ ತುಂಬಿಕೊಂಡಿತ್ತು. ನಮ್ಮ ಬೀದಿಯಲ್ಲಿ ಕಿಟಕಿ, ಬಾಗಿಲು, ಗಾಡಿ ಹೊಳೆಯದಿದ್ದರೆ ನೆರೆಯವರು ಏನೂ ಅನ್ನುವುದಿಲ್ಲ. ಅನ್ನದೇ ಇರುವುದಕ್ಕೇ ಎಲ್ಲರಿಗೂ ಭಯ.

ಗಾಡಿಗೆ ಪೆಟ್ರೋಲ್ ಎಷ್ಟಿದೆಯೆಂದು ತೋರಿಸುವ ಮುಳ್ಳಿಲ್ಲ. ಹಾಗಾಗಿ ಎಲ್ಲಿ ನಿಲ್ಲಿಸಿದರೂ ವೀಬೆ ಮೊದಲು ಮುಚ್ಚಳ ತೆಗೆದು ಒಂದು ಕಡ್ಡಿ ಅದ್ದಿ ನೋಡುತ್ತಾರೆ. ಗಾಳಿ ಒಳಗೆ ಹೋಗುತ್ತದೆ, ವೈದ್ಯರು ಬರುವ ಮೊದಲೇ ರೋಗ ವಾಸಿ.

"ಮೂವತ್ತೊಂದು ವರ್ಷ ತೂಬು ನೋಡ್ಕೊಂಡೋನು ನಾನು," ಅಂದರು ವೀಬೆ, ಮುಚ್ಚಳ ಬೆಳಕಿಗೆ ಹಿಡಿದು. "ಇದನ್ನ ತಂಡದಲ್ಲಿ ಯಾರಿಗೂ ಹೇಳ್ಬೇಡ."

6.

ಶನಿವಾರ ಹೊಲಿಗೆಯ ಸೂಜಿಯಿಂದ ತೂತು ಬಿಡಿಸಿದೆವು. ವೀಬೆ ಮುಂದೆ ಹೋದರು, ರೆನ್ಸ್ಕೆ ಕಾರಿನಲ್ಲಿ ಹಿಂದೆ. ಮೂವತ್ತೆರಡು ಕಿಲೋಮೀಟರ್‌ನಲ್ಲಿ ಗಾಡಿ ಒಮ್ಮೆಯೂ ಸೊರಗಲಿಲ್ಲ. ವಾಪಸು ಬಂದು ರೆನ್ಸ್ಕೆ, "ತಪ್ಪಾಯ್ತು ಅಪ್ಪ," ಅಂದಳು. ಎಲ್ಲರಿಗೂ ಎರಡನೇ ಬಿಸ್ಕತ್ತು ಕೊಟ್ಟಳು. ಇಲ್ಲಿಗೆ ಮುಗಿಸಬಹುದಿತ್ತು. ಬೌಕೆ ಹತ್ತಕ್ಕೆ ಎಂಟು ಕೊಡುತ್ತಿದ್ದರು.

7.

ಅವಳು ಹೋದ ಮೇಲೆ ವೀಬೆ ನನ್ನ ಶೆಡ್ಡಿಗೆ ಬಂದು, ಒರೆಸಿದ ಕೈಯನ್ನೇ ಮತ್ತೆ ಒರೆಸುತ್ತ ನಿಂತರು.

"ಏಪ್ರಿಲ್‌ನಲ್ಲಿ ಒಂದಿನ ಎರಡು ಸಲ ಸೊರಗ್ತು. ಮೊದಲನೇ ಸಲ ನಿಲ್ಲಿಸಿ ಮುಚ್ಚಳ ತೆಗೆದೆ. ಎರಡನೇದು ಅಲ್ಲಿಂದ ನಾಲ್ಕೇ ಕಿಲೋಮೀಟರ್‌ಗೆ."

ನಾನು ಲೆಕ್ಕ ಹಾಕಿದೆ. ಮುಚ್ಚಳ ತೆಗೆದ ಮೇಲೆ ಗಾಡಿ ಮತ್ತೆ ಸೊರಗಲು ನಾಲ್ಕು ಕಿಲೋಮೀಟರ್ ಸಾಲದು.

"ಹಿಂದೆ ಲಾರಿಯವನು ಹಾರ್ನ್ ಹೊಡೆದ. ನೋಡ್ತೀನಿ, ನಲವತ್ತರಲ್ಲಿದೀನಿ. ಕೈ ಎಕ್ಸಲರೇಟರ್ ಮೇಲಿಲ್ಲ, ತೊಡೆ ಮೇಲಿದೆ. ಅಲ್ಲೀವರೆಗೆ ಹೇಗೆ ಬಂದೆ ಗೊತ್ತಿಲ್ಲ. ಟ್ಯಾಂಕಲ್ಲಿ ಗಾಳಿ ಇತ್ತು. ನಾನು ಇರ್ಲಿಲ್ಲ."

"ರೆನ್ಸ್ಕೆಗೆ ಹೇಳಿದ್ರಾ?"

"ನಿನಗೆ ಹೇಳ್ತಿದೀನಲ್ಲ." ಕೈ ಒರೆಸುವ ಬಟ್ಟೆ ಮಡಿಸಿಟ್ಟು, "ಬರೀತೀಯಾ?"

"ಬರೆಯದೇ ಇರೋಕೆ ನಂಗೆ ಬರಲ್ಲ."

"ಬರಿ. ಓದೋಕೆ ಕೊಡೋದು ಬೇರೆ ಕೆಲಸ."

8.

ಮೂರು ಮುಕ್ತಾಯ ಪ್ರಯತ್ನಿಸಿದೆ.

ಏಳನೇ ಹಾಳೆ ರೆನ್ಸ್ಕೆಗೆ ಕೊಡುತ್ತೇನೆ. ಅವಳು ಕೀ ಇಟ್ಟುಕೊಳ್ಳುತ್ತಾಳೆ. ಬುಧವಾರಗಳು ಹೋಗುತ್ತವೆ. ವೀಬೆ ಬೇಲಿಯಾಚೆಯಿಂದ ನನಗೆ ನಮಸ್ಕಾರ ಮಾತ್ರ ಹೇಳುತ್ತಾರೆ. ಇಲ್ಲವೇ, ಹಾಳೆ ಬಚ್ಚಿಡುತ್ತೇನೆ, ಮತ್ತು ಯಾವುದೋ ಬುಧವಾರ ಹಿಂದಿನ ಲಾರಿಯವನು ಹಾರ್ನ್ ಹೊಡೆಯುವುದು ತಡವಾಗುತ್ತದೆ. (ಇದನ್ನು ಬರೆಯಲು ಕೂತೆ. ಎರಡು ಸಾಲಿಗೆ ಕೈ ನಿಂತಿತು.) ಮೂರನೆಯದರಲ್ಲಿ ವೀಬೆಯೇ ಒಳಗೆ ಬಂದು ಮಗಳಿಗೆ ಹೇಳುತ್ತಾರೆ. ಅದು ಎಲ್ಲಕ್ಕಿಂತ ಚೆಂದ. ನಾಲ್ಕು ಸಲ ಬಾಗಿಲು ತೆರೆದು ಬರೆದೆ. ಅವರು ಬರಲು ಒಪ್ಪಲಿಲ್ಲ.

ಈಗ ಹತ್ತು ಗಂಟೆ. ಅಪ್ಪನ ಗಾಡಿಯ ಕಥೆ ಓದಬೇಕೆಂದು ರೆನ್ಸ್ಕೆ ನನ್ನ ಅಡುಗೆಮನೆ ಮೇಜಿಗೆ ಬಂದು ಕೂತಿದ್ದಾಳೆ. ಆರು ಹಾಳೆ ಕೊಟ್ಟಿದ್ದೇನೆ. ಉಸಿರಾಡುವ ಟ್ಯಾಂಕಿನ ಹತ್ತಿರ ಜೋರಾಗಿ ನಕ್ಕಳು. ತಾನು ಮೊದಲೇ ತೆಗೆದಿಟ್ಟುಕೊಂಡಿದ್ದ ಗಾಡಿಯ ಇನ್ನೊಂದು ಕೀಯನ್ನು ಅಪ್ಪನಿಗೆ ವಾಪಸು ಕೊಡಲು ತಂದಿದ್ದಾಳೆ, ಅದು ಬಿಸ್ಕತ್ತಿನ ಡಬ್ಬಿಯ ಪಕ್ಕದಲ್ಲಿದೆ. ಕಿಟಕಿಯಾಚೆ ವೀಬೆ ಟ್ಯಾಂಕ್ ತಿಕ್ಕುತ್ತಿದ್ದಾರೆ, ಮುಚ್ಚಳದ ಸುತ್ತ ಮಾತ್ರ ಬಿಟ್ಟು. ಈ ಕಡೆ ನೋಡುತ್ತಿಲ್ಲ. ತಿಕ್ಕುವ ಕೈ ಮಾತ್ರ ಆಗಾಗ ನಿಲ್ಲುತ್ತದೆ.

ಏಳನೆಯ ಹಾಳೆ ನನ್ನ ಮಡಿಲಲ್ಲಿದೆ, ಮೇಜಿನ ಕೆಳಗೆ.

ರೆನ್ಸ್ಕೆ ಆರನೆಯದನ್ನು ಮಗುಚಿಟ್ಟು, ಕಣ್ಣೊರೆಸಿಕೊಂಡು, ಕೀ ಎತ್ತಿಕೊಳ್ಳಲು ಕೈ ಚಾಚಿದಳು.

"ಚೆನ್ನಾಗಿದೆ ಕಣ್ರೀ. ಮುಗೀತಾ?"

"ಇಲ್ಲ," ಅಂದೆ.