ಮಂಗಳದ ಒಂದು ಹಿಡಿ

ಪುಣೆಯಿಂದ ಊರಿಗೆ ಹೋಗುವ ದಾರಿಯಲ್ಲಿ, ಶೇಗಾಂವದಲ್ಲಿ ಬಸ್ಸು ನಿಂತದ್ದೇ ಸೃಷ್ಟಿ ಇಳಿದು ಓಡಿದಳು. ರಸ್ತೆ ಕೆಲಸಕ್ಕೆಂದು ಸುರಿದಿದ್ದ ಕೆಂಪು ಮುರುಮಿನ ಗುಡ್ಡೆಯೆದುರು ಕುಕ್ಕರಗಾಲಲ್ಲಿ ಕೂತು, ಕೊರಳಲ್ಲಿದ್ದ ಆಫೀಸಿನ ಕಾರ್ಡಿನಿಂದ ಹರಳು ಸರಿಸಿ, ನುಣುಪು ಮಣ್ಣನ್ನಷ್ಟೇ ಕರವಸ್ತ್ರಕ್ಕೆ ಕೆರೆದುಕೊಂಡಳು.

"ಏ ತಂಗಿ, ಬಂಗಾರ ಸಿಗ್ತೈತೇನ ಅಲ್ಲಿ? ಲಗೂನ ಹತ್ತು!" ಕಂಡಕ್ಟರ್ ಕೂಗಿದ.

ಬೆಳಿಗ್ಗೆ ಊರಿಂದ ಮಲ್ಲು ಕಾಕಾ ಫೋನು ಮಾಡಿ ಅಜ್ಜಿಯ ಸುದ್ದಿ ಹೇಳಿದ್ದ. "ಆಯಿ ಹೋದಳವ್ವಾ. ಸಂಜಿಗೆ ಮಣ್ಣ ಮಾಡ್ತೀವಿ. ಆ ಮಂಗಳ ಗ್ರಹದ ಮಣ್ಣ ಮರೀಬ್ಯಾಡ. ಮೊಮ್ಮಗಳು ತರ್ತಾಳಂತ ಓಣಿಗೆಲ್ಲಾ ಹೇಳ್ಕೋತ ತಿರಗ್ಯಾಳ."

*

ಹೋದ ದೀಪಾವಳಿಗೆ ಸೃಷ್ಟಿ ತನ್ನೂರು ತಿಕೋಂಡಿಗೆ ಬಂದಾಗ ದುಂಡವ್ವಜ್ಜಿ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. ಮೊಮ್ಮಗಳ ಫೋನಿನಲ್ಲಿ ಕೆಂಪು ಗೋಳ ಕಂಡು ಮೊರ ಕೆಳಗಿಟ್ಟಳು.

"ಇದನ್ನ ನೋಡಾಕ ನಿನಗ ಪಗಾರ ಕೊಡ್ತಾರೇನ?"

"ಹೂಂ ಆಯಿ. ನೌಕೆ ಅದರ ಸುತ್ತ ತಿರಗ್ಕೋತ ಫೋಟೊ ಕಳಸ್ತೈತಿ. ಧೂಳ ಎಲ್ಲಿ ಎದ್ದೈತಿ, ಗಾಳಿ ಎಷ್ಟ ತೆಳ್ಳಗೈತಿ, ನಾ ಪುಣೆದಾಗ ಕುಂತ ನೋಡ್ತೀನಿ."

"ಧೂಳ ಏಳಬೇಕಲ್ಲ. ಆ ಮಂಗಳ ಕುರಿ ಕಳಕೊಂಡಾನ. ಹುಡುಕಿ ಹುಡುಕಿ ಮಾರಿ ಕೆಂಪಾಗೈತಿ."

ಅಜ್ಜಿಯ ಎಲ್ಲ ಕತೆಗಳಲ್ಲೂ ಯಾರೋ ಏನನ್ನೋ ಹುಡುಕುತ್ತಲೇ ಇರುತ್ತಿದ್ದರು.

"ನಾ ವಿಜಾಪುರ ದಾಟಿಲ್ಲ. ಅಲ್ಲಿಂದ ಒಂದ ಹಿಡಿ ಮಣ್ಣ ತಾ. ನಾ ಸತ್ತಾಗ ನನ್ನ ಕುಣ್ಯಾಗ ಹಾಕು."

ಅಷ್ಟರಲ್ಲಿ ಆಫೀಸಿನ ಕರೆ ಬಂತು. "ತರ್ತೀನಿ ಬಿಡು," ಎನ್ನುತ್ತ ಸೃಷ್ಟಿ ಎದ್ದಳು. ನೌಕೆ ಅಲ್ಲಿ ಇಳಿಯುವುದೂ ಇಲ್ಲ, ತಿರುಗಿ ಬರುವುದೂ ಇಲ್ಲ ಎಂದು ಹೇಳುವುದು ಉಳಿದೇ ಹೋಯಿತು.

*

ಹೊಲದಲ್ಲಿ ದುಂಡವ್ವಜ್ಜಿಯನ್ನು ಕುಣಿಯೊಳಗೆ ಕೂಡಿಸಿ, ಅಂಗೈಯಲ್ಲಿ ಲಿಂಗವಿಟ್ಟು, ಕ್ರಿಯೆ ಮಾಡಿಸುವ ಅಯ್ಯನವರು ಮೇಲೆ ಬಂದಿದ್ದರು. ಗಾಳಿ ಜೋರಾಗಿತ್ತು. ಸೃಷ್ಟಿಗೆ ಒಂದೆಡೆ ನಿಲ್ಲಲಾಗಲಿಲ್ಲ. ಕರವಸ್ತ್ರದ ಗಂಟು ಹಿಡಿದು ಕುಣಿಯ ಸುತ್ತ ಸುಳಿದಾಡಿದಳು.

"ಬಂದ್ಲು ನೋಡ್ರಿ, ಮಂಗಳದಾಕಿ," ಎಂದಳು ಅಜ್ಜಿಯ ಎದುರುಮನೆಯ ಗೆಳತಿ ಕಾಳವ್ವ. "ಮೊದಲ ಆ ಮಣ್ಣ ಬೀಳ್ಲಿ. ಆಮ್ಯಾಲ ನಮ್ಮದು."

ಜನ ಒತ್ತಿಕೊಂಡು ಬಂದರು. ಯಾರೋ ಫೋನು ಎತ್ತಿ ಹಿಡಿದರು. ಮಲ್ಲು ಕಾಕಾ ಗಂಟನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಕಣ್ಣಿಗೊತ್ತಿಕೊಂಡ.

ಸೃಷ್ಟಿಗೆ ತಡೆಯಲಾಗಲಿಲ್ಲ.

"ಕಾಕಾ, ಅದು ಶೇಗಾಂವದ ಮುರುಮ."

ಎತ್ತಿ ಹಿಡಿದಿದ್ದ ಫೋನು ಕೆಳಗಿಳಿಯಿತು.

"ಅಲ್ಲಿಂದ ಮಣ್ಣ ಯಾರೂ ತಂದಿಲ್ಲ. ನಮ್ಮ ನೌಕೆ ಇಳಿಯೂದೇ ಇಲ್ಲ. ಆಯಿಗೆ ನಾ ಸುಳ್ಳ ಹೇಳಿದೆ."

"ಹಂಗಾರ ಆಕಿ ಊರ ಮುಂದ ಹೇಳಿದ್ದೆಲ್ಲಾ..." ಕಾಕಾ ಗಂಟನ್ನು ಬದುವಿನ ಮೇಲಿಟ್ಟು ಮುಖ ತಿರುಗಿಸಿದ.

"ಆಕಿನೂ ಏನ ಕಡಿಮಿ ಇದ್ದಿಲ್ಲ ತಗೋ," ಎಂದಳು ಕಾಳವ್ವ. "ಸೂರ್ಯನ ಮಗಳ ಮದವ್ಯಾಗ ಹೋಳಿಗಿ ಉಂಡ ಬಂದೀನಂತ ನನಗ ಐವತ್ತ ವರ್ಷ ಹೇಳ್ಯಾಳ." ಯಾರೋ ನಕ್ಕು, ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಕಾಳವ್ವ ನಗದೆ ಸೃಷ್ಟಿಯತ್ತ ತಿರುಗಿದಳು. "ನೀ ಎಷ್ಟ ಸುತ್ತ ತಿರಗ್ತಿ? ಆಕಿ ಮಾರಿ ಮ್ಯಾಲ ಧೂಳ ಕುಂತೈತಿ. ಇಳದ ಒರಸು."

ಅಯ್ಯನವರು ಹೊತ್ತು ನೋಡಿ, ಆಗಲಿ ಎಂದು ತಲೆಯಾಡಿಸಿದರು. ತುಸು ತಡೆದು ಕಾಕಾ ಅವಳನ್ನು ಕುಣಿಗೆ ಇಳಿಸಲು ಕೈ ಚಾಚಿದ.

ಕೆಳಗೆ ಗಾಳಿ ಇರಲಿಲ್ಲ. ಸೃಷ್ಟಿ ಅಜ್ಜಿಯ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಳು. ಹಣೆಯ ವಿಭೂತಿ ಅಳಿಯದಂತೆ ರೆಪ್ಪೆ, ಮೂಗಿನ ಬದಿ, ಕೆನ್ನೆಯ ಸುಕ್ಕುಗಳನ್ನು ಹೆಬ್ಬೆರಳಿನಿಂದ ಒರೆಸಿದಳು. ಗದ್ದದ ಮೇಲೆ ಬೆರಳಾಡಿಸಿದಾಗ ಧೂಳಿನಡಿಯಿಂದ ಹಚ್ಚೆಯ ಮೂರು ಹಸಿರು ಚುಕ್ಕೆಗಳು ಒಂದೊಂದಾಗಿ ಕಂಡವು.