ಬಾ ಒಳಗೆ, ಫೆಲಿಮ್

ಮುರಾಗಿಲ್ಲಾ ಊರಿಗೆ ರೈಲಿನ ಕಂಬಿಗಳನ್ನು ಎಳೆದು ತಂದದ್ದು ನಮ್ಮ ಎತ್ತುಗಳೇ. ಇದನ್ನು ಹೇಳಿದರೆ ಈಗಿನ ಹುಡುಗಿಯರು ಅಯ್ಯೋ ಪಾಪ ಎನ್ನುತ್ತಾರೆ. ಪಾಪ ಎಲ್ಲಿಂದ ಬಂತು? ಬಾಡಿಗೆ ಸಿಕ್ಕಿತು, ತಂದೆವು. ರೈಲು ತರಿಸುತ್ತೇನೆಂದು ಹೋಟೆಲಿನ ಮೇಜು ಹತ್ತಿ ಭಾಷಣ ಬಿಗಿದವನಿಗೆ ನನ್ನ ಗಂಡ ಥೇಡಿ ಕ್ವಿಲ್ಟಿಯೂ ಓಟು ಹಾಕಿದ್ದ. ಐರ್ಲೆಂಡಿನಲ್ಲಿ ಅವನಪ್ಪನಿಗಾಗಲಿ ಅಜ್ಜನಿಗಾಗಲಿ ಇಲ್ಲದ ಓಟು ಹಡಗು ಹತ್ತಿ ಬಂದ ಈ ದೇಶದಲ್ಲಿ ಇವನ ಕೈಗೆ ಬಂದಿತ್ತು. ಅದನ್ನು ಎತ್ತಿ ತನ್ನ ಕಾಲ ಮೇಲೆ ತಾನೇ ಹಾಕಿಕೊಂಡ. ಕೊನೆಯ ಲೋಡು ಇಳಿಸುವಾಗ ಒಂದು ಕಂಬಿ ಜಾರಿ ಅವನ ಬಲ ಮೊಣಕಾಲಿನ ಮೇಲೇ ಬಿತ್ತು. ಕಾಲು ಉಳಿಯಿತು, ನಡಿಗೆ ಹೋಯಿತು.

ನಮ್ಮದು ಎಂಟು ಜೋಡಿ ಎತ್ತಿನ ಗಾಡಿ. ಡಾರ್ಲಿಂಗ್ ನದಿಯ ಬಯಲಿನಿಂದ ಉಣ್ಣೆ ಹೇರಿಕೊಂಡು ಬರುವುದು, ಹಿಟ್ಟು ಸಕ್ಕರೆ ಹೇರಿಕೊಂಡು ಹೋಗುವುದು. ಮಕ್ಕಳು ಮರಿ ಇಲ್ಲದವಳು ಮನೆಯಲ್ಲಿ ಕೂತು ಮಾಡುವುದೇನೆಂದು ನಾನೂ ದಾರಿ ಹಿಡಿದಿದ್ದೆ. ಉಳಿದ ಗಾಡಿಯವರು ಎತ್ತುಗಳನ್ನು ಇಂಗ್ಲಿಷಿನಲ್ಲಿ ಪಳಗಿಸುತ್ತಿದ್ದರು, ಇಂಗ್ಲಿಷಿನಲ್ಲೇ ಅವುಗಳ ವಂಶ ಜಾಲಾಡುತ್ತಿದ್ದರು. ಥೇಡಿ ಹಾಗಲ್ಲ. ಕರುಗಳಿದ್ದಾಗಿನಿಂದ ಅವಕ್ಕೆ ನಮ್ಮ ಮಾತನ್ನೇ ಕಲಿಸಿದ. ನಾವು ಹುಟ್ಟಿದೂರಿನ, ಹಳೆಯ ಐರಿಷ್ ಮಾತು. ಹೆಸರುಗಳೂ ಅಲ್ಲಿಯವೇ. ಆಲೂಗಡ್ಡೆ ಕೊಳೆತ ವರ್ಷ ಹಸಿವಿನಿಂದ ಸತ್ತ ಅವನ ಅಣ್ಣಂದಿರು ಕೋನರ್ ಮತ್ತು ಫೆಲಿಮ್. ಗಾಡಿಗೆ ಹತ್ತಿರದ ಮೂಕಿಯ ಜೋಡಿ, ಎಲ್ಲಕ್ಕಿಂತ ಗಟ್ಟಿಯಾದ ಜೋಡಿ, ಕೋನರ್ ಮತ್ತು ಫೆಲಿಮ್. ಯಾಕೆ ಹೀಗೆ ಎಂದು ಕೇಳಿದವರಿಗೆ ಅವನ ಉತ್ತರ ಒಂದೇ: "ಕದ್ದೋನಿಗೂ ದಕ್ಕಬಾರದು ನೋಡು, ಅದಕ್ಕೆ."

ನೊಗ ಕಟ್ಟುವುದಕ್ಕೆ ಒಂದು ಕ್ರಮವಿತ್ತು. ನೊಗದ ಒಂದು ತುದಿಗೆ ಮೊದಲ ಎತ್ತನ್ನು ಕಟ್ಟಿ, ಇನ್ನೊಂದು ತುದಿಯನ್ನು ಎತ್ತಿ ಹಿಡಿದು ನಿಲ್ಲಬೇಕು. ಆಮೇಲೆ ಜೊತೆಗಾರನ ಹೆಸರು ಹಿಡಿದು "ಬಾ ಒಳಗೆ" ಅಂದರಾಯಿತು. ಬಯಲಿನಲ್ಲಿ ಎಲ್ಲಿ ಮೇಯುತ್ತಿದ್ದರೂ ಅದು ಬಂದು, ತಲೆ ತಗ್ಗಿಸಿ, ನೊಗದಡಿ ತಾನಾಗಿ ಕೊರಳು ಕೊಡುತ್ತಿತ್ತು. ಬಾರುಕೋಲು ಬೇಕಿರಲಿಲ್ಲ. ಸಂಜೆ ಅಡುಗೆ ಆದಾಗ ಥೇಡಿಯನ್ನೂ ನಾನು ಅದೇ ಎರಡು ಮಾತಿನಲ್ಲಿ ಕರೆಯುತ್ತಿದ್ದೆ. ಅವನೂ ಎತ್ತಿನ ಹಾಗೇ ಬರುತ್ತಿದ್ದ.

ರೈಲು ಬಂತು, ಬಾಡಿಗೆ ನಿಂತಿತು. ಊರ ಗೋಮಾಳದ ನಡುವೆ ಸ್ಟೇಷನ್ ಎದ್ದಿತು, ಉಳಿದ ಹುಲ್ಲಿಗೆ ಬೇಲಿ ಬಿತ್ತು. ಎತ್ತುಗಳ ಪಕ್ಕೆ ಎಣಿಸುವ ಹಾಗಾಯಿತು. ಉಳಿದದ್ದು ಎರಡೇ ದಾರಿ: ರೈಲು ಇನ್ನೂ ಮುಟ್ಟದ ಕಡೆಯ ಗಾಡಿಯವನಿಗೆ ಮಾರುವುದು, ಇಲ್ಲವೇ ದನ ಕಡಿದು ಕೊಬ್ಬು ಕಾಯಿಸುವ ಕಾರ್ಖಾನೆಗೆ ಹೊಡೆಯುವುದು.

ಕ್ವೀನ್ಸ್‌ಲ್ಯಾಂಡಿನಿಂದ ಟಕ್ ಎಂಬ ಗಾಡಿ ಮಾಲೀಕ ಬಂದ. ಎತ್ತುಗಳ ಹಲ್ಲು ನೋಡಿದ, ಗೊರಸು ನೋಡಿದ, ತಲೆದೂಗಿದ. ಆಮೇಲೆ ಇಂಗ್ಲಿಷಿನಲ್ಲಿ ಕೂಗು ಹಾಕಿದ. ಒಂದೂ ಅಲ್ಲಾಡಲಿಲ್ಲ.

"ಏನ್ ಕ್ವಿಲ್ಟಿ, ನಿನ್ನ ಎತ್ತು ಕಿವುಡೋ?"

"ಕಿವುಡಲ್ಲ ಕಣಯ್ಯಾ. ನಿನ್ನ ಮಾತು ಅವಕ್ಕೆ ಬರಲ್ಲ," ಎಂದ ಥೇಡಿ.

"ಮತ್ಯಾವ ಮಾತು ಬರುತ್ತೆ? ಪಾದ್ರಿಗಳ ಮಾತಾ?"

"ನಮ್ಮ ಮಾತು."

ಟಕ್ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ನಗು ನಿಲ್ಲಿಸಿ ಬಾರುಕೋಲು ಬೀಸಿದ. ಫೆಲಿಮ್ ಕಾಲು ಮಡಚಿ ನೆಲಕ್ಕೆ ಕೂತುಬಿಟ್ಟಿತು.

"ಹೊಡೀಬೇಡ! ಹೇಳ್ಕೊಡ್ತೀನಿ ಬಾ. ಹತ್ತು ಮಾತು, ಅಷ್ಟೇ," ಎಂದ ಥೇಡಿ.

ಟಕ್ ಪ್ರಯತ್ನ ಮಾಡಲಿಲ್ಲ ಎನ್ನುವ ಹಾಗಿಲ್ಲ. ನಮ್ಮ ಮಾತು ಅವನ ಬಾಯಲ್ಲಿ ಬಿಸಿ ಆಲೂಗಡ್ಡೆಯ ಹಾಗೆ ಹೊರಳಾಡಿತು. ಕೋನರ್ ಒಂದು ಕಿವಿ ತಿರುಗಿಸಿ, ಮತ್ತೆ ಥೇಡಿಯ ಕಡೆಗೇ ನೋಡಿತು.

"ಆಗಲ್ಲಪ್ಪ. ನನ್ನ ಗಾಡಿ ಹೊಡಿಯೋ ಹುಡುಗರಿಗೆಲ್ಲ ನಾನು ಮಠ ತೆಗೆದು ಪಾಠ ಹೇಳ್ಲಾ?" ಎಂದ ಟಕ್.

"ಹಾಗಾದ್ರೆ ನಾನೇ ಅವುಗಳ ಜೊತೆ ಬರ್ತೀನಿ."

ಟಕ್ ಅವನ ಮೊಣಕಾಲು ನೋಡಿದ. "ದಿನಪೂರ್ತಿ ಎತ್ತಿನ ಪಕ್ಕ ನಡೀಬೇಕಲ್ಲ, ಮಾರಾಯ," ಎಂದು ಮೆಲ್ಲಗೆ ಹೇಳಿ, ನನಗೆ ಟೋಪಿ ಎತ್ತಿ ವಂದಿಸಿ ಹೋದ. ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ನಾಲ್ಕು ಬೈಗುಳ ಬೈದಾದರೂ ಸಮಾಧಾನ ಮಾಡಿಕೊಳ್ಳಬಹುದಿತ್ತು.

ಬೈಯಲು ನನಗೆ ಉಳಿದವನು ಗಂಡನೊಬ್ಬನೇ. "ಇಂಗ್ಲಿಷಲ್ಲಿ ನಾಲ್ಕು ಮಾತು ಕಲಿಸಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ದೊಡ್ಡ ಬುದ್ಧಿವಂತ! ಕದ್ದೋನಿಗೆ ದಕ್ಕಬಾರದಂತೆ! ಈಗ ಕೊಂಡೋನಿಗೂ ದಕ್ಕಲಿಲ್ಲ."

"ಕಳ್ಳರ ಮಾತು ಸುಮ್ನೆ ಹೇಳಿದ್ದು ನೋರಾ," ಎಂದ ಥೇಡಿ. "ಆ ಹೆಸರು ಕೂಗ್ಬೇಕು ಅನ್ಸೋದು. ನಮ್ಮ ಮಾತಲ್ಲಿ ಕೂಗಿದ್ರೆ ತಿರುಗಿ ನೋಡೋರು ಬೇರೆ ಯಾರಿದ್ರು?"

"ನಾನಿರ್ಲಿಲ್ವಾ?"

"ಇದ್ದೆ. ಬೈತಿದ್ದೆ."

ನನಗೆ ನಗು ಬಂತು. ನಾವು ನಕ್ಕದ್ದು ಅದೇ ಕೊನೆ.

ಕಾರ್ಖಾನೆ ನದಿಯ ಕೆಳಭಾಗದಲ್ಲಿತ್ತು. ಖಾಲಿ ಗಾಡಿಯಲ್ಲಿ ಥೇಡಿಯನ್ನು ಕೂರಿಸಿ ನಾನು ಎತ್ತುಗಳ ಪಕ್ಕ ನಡೆದೆ. ಹಗುರವಾದ ಗಾಡಿ ಎಳೆದು ಅವಕ್ಕೆ ಅಭ್ಯಾಸವಿಲ್ಲ, ಓಡುವ ಹಾಗೆ ಹೆಜ್ಜೆ ಹಾಕಿದವು. ನೊಗ ಬಿಚ್ಚಿ ದೊಡ್ಡಿಗೆ ಬಿಟ್ಟೆವು. ಗಾಳಿ ತಿರುಗಿ ಒಳಗಿನ ವಾಸನೆ ಬಂದದ್ದೇ ತಡ, ಹದಿನಾರೂ ಒಂದಕ್ಕೊಂದು ಅಂಟಿಕೊಂಡು ಮೂಲೆಗೆ ನಿಂತುಬಿಟ್ಟವು. ನಾಯಿ ಬಿಟ್ಟರು, ಕೋಲಿನಿಂದ ತಿವಿದರು. ಒಳಗೆ ಕಡಿಯುವ ಕಟ್ಟೆಗೆ ಹೋಗುವ ಇಳಿಜಾರಿನ ಓಣಿಯ ಕಡೆ ಒಂದೂ ಹೆಜ್ಜೆ ಇಡಲಿಲ್ಲ. ಅವುಗಳ ಬೆನ್ನಿನ ಮೇಲೆ ರಕ್ತ ಕಾಣಿಸಿತು.

"ನಿಮ್ಮ ಎತ್ತು, ನೀವೇ ಕರೀರಿ. ಇಲ್ಲಾಂದ್ರೆ ವಾಪಸ್ ಹೊಡ್ಕೊಂಡ್ ಹೋಗಿ," ಎಂದ ಮೇಸ್ತ್ರಿ.

ವಾಪಸ್ ಎಲ್ಲಿಗೆ?

ಥೇಡಿ ಬೇಲಿ ಹಿಡಿದು ನಿಂತ. ಬಾಯಿ ತೆರೆದ. ದನಿ ಹೊರಡಲಿಲ್ಲ. ಮತ್ತೆ ತೆರೆದ. ಆಮೇಲೆ ನನ್ನ ಕಡೆ ತಿರುಗಿದ. ಗಾಡಿಯಿಂದ ಒಂದು ನೊಗ ತೆಗೆದು ಹೆಗಲಿಗೇರಿಸಿಕೊಂಡು ನಾನು ಓಣಿಯ ಬಾಯಿಗೆ ಹೋದೆ. ಹೆಂಗಸು ನೊಗ ಹೊತ್ತದ್ದು ನೋಡಿ ಒಬ್ಬ ಆಳು ಕಿಸಕ್ಕೆಂದ.

ಮುಂದಿನ ಜೋಡಿಯಿಂದ ಶುರುಮಾಡಿದೆ. ಹೆಸರು ಕರೆದೆ. ಆ ಗುಂಪಿನಿಂದ ಒಂದು ಬಿಡಿಸಿಕೊಂಡು ಬಂತು, ನೊಗದಡಿ ನಿಂತಿತು. ಇನ್ನೊಂದು ತುದಿ ಎತ್ತಿ ಹಿಡಿದು ಜೊತೆಗಾರನನ್ನು ಕರೆದೆ. ಬಂತು. ಕಟ್ಟಲಿಲ್ಲ. ಎರಡರ ನಡುವೆ ನೊಗ ಹಿಡಿದುಕೊಂಡು ಒಳಗೆ ನಡೆದೆ, ಅವೂ ನಡೆದವು. ಹಿಂದೆ ಗೇಟು ಹಾಕಿದರು. ಪಕ್ಕದ ಕಿಂಡಿಯಿಂದ ಹೊರಬಂದು ಇನ್ನೊಂದು ಜೋಡಿಯನ್ನು ಕರೆದೆ. ಯಾವುದೂ ಎರಡನೆಯ ಸಲ ಕರೆಸಿಕೊಳ್ಳಲಿಲ್ಲ. ಕೊನೆಗೆ ಕೋನರ್ ಬಂತು. "ಬಾ ಒಳಗೆ, ಫೆಲಿಮ್" ಎಂದೆ. ಟಕ್‌ನ ಏಟಿನ ಗೆರೆ ಅದರ ಭುಜದ ಮೇಲೆ ಇನ್ನೂ ಇತ್ತು. ಬಂದು ತಲೆ ತಗ್ಗಿಸಿತು.

ನನಗೆ ಅಳು ಬರಲಿಲ್ಲ. ಬರಬೇಕಿತ್ತು. ಚಳಿಯಲ್ಲಿ ಬೆರಳು ಮರಗಟ್ಟುತ್ತದಲ್ಲ, ಹಾಗೆ ಒಳಗೆಲ್ಲ ಮರಗಟ್ಟಿತ್ತು. ಮೇಸ್ತ್ರಿ ಒಂದು ಲೋಟ ಟೀ ತಂದುಕೊಟ್ಟ. "ಇಷ್ಟು ಸಲೀಸಾಗಿ ಹೋಗಿದ್ದು ನಾನು ನೋಡೇ ಇಲ್ಲಮ್ಮ," ಎಂದ. ಕೊಬ್ಬು ಎಲ್ಲಿಗೆ ಹೋಗುತ್ತದೆ ಎಂದು ಸುಮ್ಮನೆ ಕೇಳಿದೆ. ಸೋಪಿಗೆ, ಮೇಣದಬತ್ತಿಗೆ, ಉಳಿದದ್ದು ರೈಲಿನ ಗಾಲಿಗೆ ಸವರಲು ಎಂದ. ಟೀ ಕುಡಿದೆ. ಸಕ್ಕರೆ ಹಾಕಿದ್ದರು.

ಎಳೆಯುವವರಿಲ್ಲದ ಗಾಡಿಯನ್ನು ಅಲ್ಲೇ ಬಿಟ್ಟು ಊರಿಗೆ ರೈಲಿನಲ್ಲಿ ಬಂದೆವು. ನಾವು ರೈಲು ಹತ್ತಿದ್ದು ಅದೇ ಮೊದಲು. ಊರು ಬೇಗ ಬಂತು, ಅದನ್ನು ಇಲ್ಲ ಎನ್ನಲಾಗುವುದಿಲ್ಲ. ಥೇಡಿ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದ.

ಸಂಜೆ ಅವನು ಮನೆಯ ಹೊರಗೆ ದಿಮ್ಮಿಯ ಮೇಲೆ ಕೂತಿದ್ದ. ಕುರಿಮಾಂಸ ಬೇಯಿಸಿದ್ದೆ. ಬಾಗಿಲಿಗೆ ಬಂದು, ಎಂದಿನ ಹಾಗೆ, ನಮ್ಮ ಮಾತಿನಲ್ಲಿ, "ಬಾ ಒಳಗೆ, ಥೇಡಿ," ಎಂದೆ.

ಅವನು ತಲೆ ತಗ್ಗಿಸಿ ಎದ್ದ. ಎದ್ದವನು ಎರಡು ಹೆಜ್ಜೆ ಬಂದು ನಿಂತುಬಿಟ್ಟ. ನನ್ನ ಕೈ ಬಾಗಿಲ ಚೌಕಟ್ಟಿನ ಮೇಲಿತ್ತು. ಅವನು ಆ ಕೈಯನ್ನೇ ನೋಡುತ್ತಿದ್ದ. ಕೈ ಇಳಿಸಿದೆ. ಆದರೂ ಬರಲಿಲ್ಲ. ಅನ್ನಬಾರದ ಮಾತು ಅಂದೆ ಎಂದು ಆಗ ಗೊತ್ತಾಯಿತು. ಬೆಳಗ್ಗೆಯಿಂದ ಬಾರದ ಭಯ ಅಷ್ಟೂ ಆಗ ಬಂತು.

ಇಂಗ್ಲಿಷಿನಲ್ಲಿ ಹೇಳಿದೆ: "ಊಟ ಆರಿಹೋಗುತ್ತೆ."

ಬಂದ. ಕೂತ. ಊಟ ಮಾಡಿದ.

ಆಮೇಲೆ ಅವನು ಹನ್ನೊಂದು ವರ್ಷ ಬದುಕಿದ. ನಾವು ಮಾತಾಡಿದ್ದೆಲ್ಲ ಇಂಗ್ಲಿಷಿನಲ್ಲೇ.