ಶಾಂತರಾಜು ಯಾವ ತಲೆಮಾರು?

೦.
ಕತೆಯನ್ನು ಅಜ್ಜಿಯಿಂದ ಶುರು ಮಾಡುವುದೋ, ಮೊಮ್ಮಗಳಿಂದಲೋ? ಮೇಲಿನವರಿಂದಲೇ ಇಳಿಯೋಣ ಎನ್ನುತ್ತೀರಿ. ತಾಳಿ, ಈ ಮನೆಯಲ್ಲಿ ಮೇಲೆ ಯಾರು, ಕೆಳಗೆ ಯಾರು ಎನ್ನುವುದೇ ತಕರಾರು.

(ಮೊದಲ ಕರಡಿನಲ್ಲಿ ಗೋಪಾಲಸ್ವಾಮಿ ಬೆಟ್ಟದ ಮಂಜಿತ್ತು. "ಮಂಜಿಗೂ ಪ್ರೊಲಾಗಿಗೂ ಏನ್ ಸಂಬಂಧ ಸರ್?" ಎಂದು ಮೊಮ್ಮಗಳು ಶಿವರಂಜಿನಿ ಕಿತ್ತುಹಾಕಿಸಿದಳು.)

೧.
ಶಿವರಂಜಿನಿ ಚಾಮರಾಜನಗರದ ಕಾಲೇಜೊಂದರಲ್ಲಿ ಪ್ರೊಲಾಗ್ ಎಂಬ ಕಂಪ್ಯೂಟರ್ ಭಾಷೆ ಕಲಿಸುತ್ತಾಳೆ. ಯಾರು ಯಾರ ಮಕ್ಕಳೆಂದು ಹೇಳಿ ನಾಲ್ಕು ನಿಯಮ ಕೊಟ್ಟರೆ, ಉಳಿದ ನೆಂಟಸ್ತಿಕೆಯನ್ನೆಲ್ಲ ಆ ಭಾಷೆ ತಾನೇ ಹುಡುಕಿಕೊಳ್ಳುತ್ತದೆ. ಹೇಳದೆ ಬಿಟ್ಟದ್ದು ಅದರ ಪಾಲಿಗೆ ಸುಳ್ಳು.

ಗುಂಡ್ಲುಪೇಟೆಯ ಮನೆಯಲ್ಲಿ ಅಜ್ಜಿ ಮಲ್ಲಾಜಮ್ಮ ಅವಳನ್ನು ತನ್ನ ಕಿರಿಮಗ ಶಾಂತರಾಜುವಿಗೆ, ಎಂದರೆ ಅವಳ ಸೋದರಮಾವನಿಗೆ, ತರುವುದೆಂದು ತೀರ್ಮಾನಿಸಿದ್ದಳು. ಬದನಗುಪ್ಪೆಯ ಫ್ಯಾಕ್ಟರಿಯಲ್ಲಿ ಪರ್ಮನೆಂಟ್ ಕೆಲಸ. ಗಂಡಿಗೆ ಬೇರೆ ಗುಣ ಯಾಕೆ? ಶಿವರಂಜಿನಿಗೆ ಅವನು ಬೇಡ. ಬೇಡ ಎಂದಿದ್ದರೆ ಸಾಕಿತ್ತು. ಓದಿದವಳಲ್ಲವೇ, ಸಾಬೀತು ಮಾಡಲು ಹೊರಟಳು.

೨.
ನಿಯಮ ಬರೆದಳು: ಒಂದೇ ತಲೆಮಾರಿನವರಿಗೆ ಮಾತ್ರ ಮದುವೆ. ಮಾವ ಒಂದು ಮೆಟ್ಟಿಲು ಮೇಲೆ, ಆದ್ದರಿಂದ ಉತ್ತರ ಫಾಲ್ಸ್ ಬರಬೇಕು. ಟ್ರೂ ಬಂತು!

ಅವಳು ಮರೆತದ್ದು ಇಷ್ಟೇ. ಅಪ್ಪ ಮಲ್ಲಿಕಾರ್ಜುನಸ್ವಾಮಿ ಅಜ್ಜಿಯ ಸ್ವಂತ ತಮ್ಮ. ಅಕ್ಕನ ಮಗಳನ್ನೇ ಕಟ್ಟಿಕೊಂಡವನು. ಹಾಗಾಗಿ ಶಾಂತರಾಜು ಅಮ್ಮನ ಕಡೆಯಿಂದ ಮಾವ, ಅಪ್ಪನ ಕಡೆಯಿಂದ ಅತ್ತೆ ಮಗ, ಅವಳದೇ ತಲೆಮಾರು.

"ನಿನ್ ಲ್ಯಾಪ್‌ಟಾಪೂ ಒಪ್ಕಂಬುಡ್ತು ಕಣಮ್ಮಿ" ಎಂದು ಅಜ್ಜಿ ಎಲೆಗೆ ಸುಣ್ಣ ಸವರಿದಳು.

೩.
ಸಿಟ್ಟಿಗೆದ್ದ ಶಿವರಂಜಿನಿ ತಲೆಮಾರನ್ನೇ ಅಳಿಸಿ ಒಂದೇ ನಿಯಮ ಉಳಿಸಿದಳು: ಹೆಣ್ಣು ಒಪ್ಪಿದ್ದರೆ ಮಾತ್ರ ಮದುವೆ. ಅವಳ ಒಪ್ಪಿಗೆ ಎಲ್ಲೂ ದಾಖಲಾಗಿರಲಿಲ್ಲ. ಫಾಲ್ಸ್.

(ಇಲ್ಲಿಗೆ ನಿಲ್ಲಿಸಿದ್ದರೆ ಮಹಿಳಾ ವಿಶೇಷಾಂಕಕ್ಕೆ ಸಲೀಸಾಗಿ ಹೋಗುತ್ತಿತ್ತು. ಕತೆಗಾರನ ನಸೀಬು ನೆಟ್ಟಗಿಲ್ಲ.)

"ನಮ್ಮನ್ನ ಯಾರವ್ವ ಕೇಳಿದ್ರು?" ಎಂದು ಅಜ್ಜಿ ನಕ್ಕಳು.

ಅಡುಗೆಮನೆಯಿಂದ ಅಮ್ಮ ನೀಲಾವತಿ ಕೈ ಒರೆಸಿಕೊಳ್ಳುತ್ತಾ ಬಂದಳು. "ನನ್ ಮದ್ವೆನೂ ಕೇಳ್ ನೋಡಮ್ಮಿ."

ಫಾಲ್ಸ್.

"ಇದೇನ್ ಆಟ, ಮುಚ್ಚಮ್ಮಿ ಅದ್ನ" ಎಂದ ಅಪ್ಪನ ದನಿಯಲ್ಲಿ ಜೋರಿರಲಿಲ್ಲ. ಹೆದರಿಕೆಯಿತ್ತು.

"ನೀನು ಒಪ್ಪಿದ್ದೆ ಅಂತ ಸೇರಿಸ್ಲಾ ಅಮ್ಮ?"

೪.
ಅಂತ್ಯ ಅ: ಒಪ್ಪಿದ್ದೆ ಎನ್ನುತ್ತಾಳೆ. ಟ್ರೂ. ಎಲ್ಲರೂ ಊಟಕ್ಕೇಳುತ್ತಾರೆ.

ಅಂತ್ಯ ಆ: ಇಲ್ಲ ಎನ್ನುತ್ತಾಳೆ. ಅಪ್ಪ ಎದ್ದು ಹೊರಗೆ ಹೋಗುತ್ತಾನೆ.

ಕತೆಗಾರ ಎರಡನೆಯದನ್ನೇ ಆರಿಸಿ ಪೂರ್ಣವಿರಾಮಕ್ಕೆ ಕೈ ಹಾಕಿದ್ದ. ನೀಲಾವತಿ ಅವನ ಕಡೆ ತಿರುಗಿದಳು.

"ಅವಸ್ರ ಪಡ್ಬ್ಯಾಡಿ ಸಾ. ಇಷ್ಟ್ ವರ್ಸಕ್ಕೆ ಇವತ್ತೇ ಮೊದ್ಲು ಕೇಳವ್ರೆ. ನಾನಿನ್ನೂ ಯೋಚ್ನೆ ಮಾಡ್ತಾ ಇವ್ನಿ."